ಆನಂದನ ಐನೂರು ಚೀವರ

ಕೌಶಾಂಬಿಯ ರಾಜ ಉದಯನನ ರಾಣಿಯರು ಬುದ್ಧನ ಶಿಷ್ಯ ಆನಂದನಿಗೆ ಐನೂರು ಚೀವರ, ಅಂದರೆ ಭಿಕ್ಷುಗಳು ಉಡುವ ಬಟ್ಟೆ, ದಾನ ಕೊಟ್ಟರು. ಎಲ್ಲ ಬಿಟ್ಟವನಿಗೆ ಇಷ್ಟೇಕೆ ಎಂದು ರಾಜನಿಗೆ ಸಿಟ್ಟು, ನೇರವಾಗಿ ಕೇಳಿಯೇಬಿಟ್ಟ.

ಚೀವರ ಹರಿದುಹೋದ ಭಿಕ್ಷುಗಳಿಗೆ ಹಂಚುತ್ತೇನೆ ಎಂದ ಆನಂದ. ಹಾಗಾದರೆ ಹಳೆಯದು? ಮೇಲುಹೊದಿಕೆಯಾಗುತ್ತದೆ. ಅದೂ ಹಳತಾದರೆ ಹಾಸಿಗೆಯ ಗವಸು, ಆಮೇಲೆ ನೆಲಹಾಸು, ಕಾಲೊರಸು, ಧೂಳು ಹೊಡೆಯುವ ಬಟ್ಟೆ. ಕೊನೆಗೆ ಉಳಿದ ಚಿಂದಿಯನ್ನು ಕುಟ್ಟಿ, ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಮೆಚ್ಚಿ ಇನ್ನೂ ಐನೂರು ಕೊಟ್ಟನೆಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕ ಹೇಳುತ್ತದೆ.

ವಸ್ತುವನ್ನು ವರ್ಷಗಟ್ಟಲೆ ಜೋಪಾನ ಮಾಡುವುದು ಮೋಹವಲ್ಲವೇ? ವಿರಕ್ತಿಯ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಏಳುತ್ತದೆ. ಆದರೆ ಮೋಹವುಳ್ಳವನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾನೆ. ಆನಂದನ ಬಟ್ಟೆ ಬಳಕೆಯಲ್ಲೇ ಸವೆದು, ಮೈಯಿಂದ ಹಾಸಿಗೆಗೆ, ಹಾಸಿಗೆಯಿಂದ ಕಾಲಡಿಗೆ ಇಳಿಯುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಹೀಗೆ ಮುಚ್ಚಿಡದೆ ಬಳಸಿದ ವಸ್ತುವಿನ ಕಥೆ ಇನ್ನೊಂದಿದೆ. 1914ರಲ್ಲಿ ದಕ್ಷಿಣ ಆಫ್ರಿಕಾ ಬಿಡುವಾಗ ಗಾಂಧೀಜಿ ಜೈಲಿನಲ್ಲಿ ತಾವೇ ಮಾಡಿದ್ದ ಚಪ್ಪಲಿಯನ್ನು, ತಮ್ಮನ್ನು ಸೆರೆಗೆ ತಳ್ಳಿದ್ದ ಸರ್ಕಾರದ ಜನರಲ್ ಸ್ಮಟ್ಸ್‌ಗೆ ಕೊಟ್ಟರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆ ಮೆಟ್ಟಿ, 1939ರಲ್ಲಿ ಗಾಂಧೀಜಿಗೆ 70 ತುಂಬಿದಾಗ ಮರಳಿಸಿದರು.