ಔಷಧದಾನವೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕನ ಕರ್ತವ್ಯವೆಂದು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಇವುಗಳಲ್ಲಿ ಒಂದು ಇನ್ನೊಂದಕ್ಕೆ ಭಂಗ ತಂದರೆ ಏನು ಮಾಡಬೇಕೆಂಬ ಜಿಜ್ಞಾಸೆ ಮಾತ್ರ ನಮ್ಮ ಪ್ರವಚನಗಳಲ್ಲಿ ವಿರಳ.

ಕ್ಯಾನ್ಸರಿನ ಕಡೆಯ ಹಂತದ ಯಾತನೆಗೆ ಅಫೀಮಿನಿಂದ ದೊರೆಯುವ ಮಾರ್ಫಿನ್ ಇಂದಿಗೂ ಮುಖ್ಯ ಔಷಧ. ಪ್ರಮಾಣ ಹೆಚ್ಚಿದಂತೆ ಮಂಪರು, ಮಲಬದ್ಧತೆ, ಉಸಿರಾಟ ಕುಗ್ಗುವ ಅಪಾಯಗಳೂ ಹೆಚ್ಚುತ್ತವೆ. ಅದೇ ವರ್ಗದ ಎರಡು ಔಷಧಗಳನ್ನು ಅಲ್ಪಪ್ರಮಾಣದಲ್ಲಿ ಕೂಡಿಸಿದರೆ ಹೇಗೆ? ನ್ಯೂಯಾರ್ಕಿನ ಗ್ಯಾವ್ರಿಲ್ ಪಾಸ್ಟರ್ನಾಕ್ ಮತ್ತು ಸಂಗಡಿಗರು ಸಣ್ಣ ಇಲಿಗಳಲ್ಲಿ ಇದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಮೆಥಡೋನಿನೊಡನೆ ಮಾರ್ಫಿನ್ ಸೇರಿದಾಗ ನೋವಿನ ಶಮನವು ಎರಡರ ಮೊತ್ತಕ್ಕಿಂತ ಅಧಿಕವಾಯಿತು. ಫೆಂಟನಿಲ್ ಸೇರಿದಾಗ ಬರಿಯ ಮೊತ್ತದಷ್ಟೇ ಆಯಿತು.

ಅಳೆದ ಬಗೆಯನ್ನೂ ತಿಳಿಯಬೇಕು. ಇಲಿಯ ಬಾಲದ ಮೇಲೆ ತೀಕ್ಷ್ಣವಾದ ಬೆಳಕಿನ ಶಾಖವನ್ನು ಬಿಟ್ಟು, ಅದು ಎಷ್ಟು ಸೆಕೆಂಡಿನಲ್ಲಿ ಬಾಲವನ್ನು ಎಳೆದುಕೊಳ್ಳುತ್ತದೆಂದು ನೋಡುತ್ತಾರೆ. ಇದು 1941ರಷ್ಟು ಹಳೆಯ ವಿಧಾನ. ಔಷಧವಿಲ್ಲದ ಇಲಿ ಎರಡು ಮೂರು ಸೆಕೆಂಡು ತಾಳುತ್ತದೆ. ಬಾಲ ಸುಡದಿರಲೆಂದು ಹತ್ತು ಸೆಕೆಂಡಿಗೆ ಶಾಖವನ್ನು ನಿಲ್ಲಿಸುವುದು ವಾಡಿಕೆ. ಇದು ಕ್ರೂರಿಗಳ ಕೃತ್ಯವೆಂದು ಜರೆಯುವುದು ಅನ್ಯಾಯ. ಆ ಮಿತಿಯಲ್ಲಿಯೂ ಕರುಣೆಯ ಅಂಶವಿದೆ.

ಆದರೂ ಒಂದು ತೊಡಕು ಉಳಿಯುತ್ತದೆ. ಶಸ್ತ್ರಕ್ರಿಯೆಯ ಪ್ರಯೋಗದಲ್ಲಿ ಪ್ರಾಣಿಗೆ ಅರಿವಳಿಕೆ ಕೊಡಬಹುದು. ಇಲ್ಲಿ ನೋವೇ ಅಳತೆಗೋಲು. ಅದಿಲ್ಲದೆ ಪ್ರಯೋಗವೇ ಇಲ್ಲ. ಒಲೆ ಉರಿಸುವಾಗ ಆಗುವುದು ಆರಂಭೀ ಹಿಂಸೆ, ಹೊಲ ಉಳುವಾಗ ಆಗುವುದು ಉದ್ಯೋಗೀ ಹಿಂಸೆ. ಅಲ್ಲಿ ಜೀವಿಗೆ ಒದಗುವ ಕೇಡು ನಮ್ಮ ಗುರಿಯಲ್ಲ. ಇಲ್ಲಿ ಶಾಖವನ್ನು ನೋವಾಗಲೆಂದೇ ಬಿಡಲಾಗುತ್ತದೆ. ಉದ್ದೇಶ ಲೋಕಹಿತವೇ ಆದರೂ ಇದನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಲು ನನಗೆ ಸಾಧ್ಯವಾಗಿಲ್ಲ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ದೊಡ್ಡ ಪ್ರಾಣಿಗಳ ಬದಲು ಇಲಿ, ಮೊಲ, ಕಪ್ಪೆಗಳಿಂದ ಅದೇ ಫಲ ಸಿಗುವುದಾದರೆ ಅವನ್ನೇ ಬಳಸಬೇಕೆನ್ನುತ್ತದೆ. ಜೈನನಿಗೆ ಈ ಸಮಾಧಾನವೂ ಇಲ್ಲ. ಆನೆಯಂತೆ ಇಲಿಯೂ ಸಂಜ್ಞಿ ಪಂಚೇಂದ್ರಿಯ ಜೀವಿ. ಆತ್ಮಪ್ರದೇಶಗಳು ದೇಹಕ್ಕೆ ತಕ್ಕಂತೆ ಸಂಕೋಚಗೊಳ್ಳುತ್ತವೆಯೇ ಹೊರತು ಕಡಮೆಯಾಗುವುದಿಲ್ಲ.

ಹಾಗಾದರೆ ನರಳುವ ತಾಯಿಗೆ ಮಾರ್ಫಿನ್ ಬೇಡವೆನ್ನೋಣವೆ? ಖಂಡಿತ ಸಲ್ಲದು. ಆಕೆಯ ಯಾತನೆಯನ್ನು ನಮ್ಮ ವ್ರತಶುದ್ಧಿಯ ಹೆಮ್ಮೆಗೆ ಬಲಿಕೊಡುವುದೂ ಪ್ರಮಾದವೇ. ಔಷಧವನ್ನು ನಿರಾಕರಿಸಿದ ಮಾತ್ರಕ್ಕೆ ಆಗಿಹೋದ ಪ್ರಯೋಗ ಅಳಿಯುವುದಿಲ್ಲ. ಮುಂದೆ ನಡೆಯುವುದಕ್ಕೆ ಧನಸಹಾಯ ಮಾಡಿದರೆ ಅದು ಕಾರಿತ. ತಿಳಿದೂ ಮೆಚ್ಚಿದರೆ ಅನುಮೋದನೆ. ನಾವು ನಿಜವಾಗಿ ಹೊಣೆಯಾಗುವುದು ಇಲ್ಲಿ.

ಮಾರ್ಫಿನ್, ಮೆಥಡೋನ್ ಎರಡೂ ಈಗಾಗಲೇ ಮನುಷ್ಯರಿಗೆ ಕೊಡುತ್ತಿರುವ ಔಷಧಗಳು. ರೋಗಿಯಲ್ಲಿ ನೋವು ಮೊದಲೇ ಇರುತ್ತದೆ, ಅದನ್ನು ಉಂಟುಮಾಡಬೇಕಾಗಿಲ್ಲ. ಆತ ಒಪ್ಪಿಗೆಯನ್ನೂ ಕೊಡಬಲ್ಲ. ಇಂಥಲ್ಲಿ ವೈದ್ಯರ ಎಚ್ಚರದ ನಿಗಾದಲ್ಲಿ ತಿಳಿಯಬಹುದಾದುದನ್ನು ಇಲಿಯ ಬಾಲದಿಂದ ಮತ್ತೆ ಏಕೆ ತಿಳಿಯಬೇಕು? ಬಸದಿಯ ಟ್ರಸ್ಟುಗಳು ವೈದ್ಯಕೀಯ ಸಂಸ್ಥೆಗಳಿಗೆ ದತ್ತಿ ನೀಡುವ ಮೊದಲು, ಹಣ ರೋಗಿಯ ಶುಶ್ರೂಷೆಗೋ ಪ್ರಾಣಿಪ್ರಯೋಗಕ್ಕೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಕೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.