ಗೂಡಿನ ಬಾಗಿಲು ಮುಚ್ಚಿದವರ ಹೊಣೆ

ಮಾಗಿಯ ಮುಂಜಾವಿನಲ್ಲಿ ನೀವು ಫಜ್ರ್ ನಮಾಝಿಗೆ ಏಳುವ ಮೊದಲೇ ಹಿತ್ತಿಲಿನ ಹುಂಜ ಕೂಗಿರುತ್ತದೆ. ಅದು ನಮಾಝಿಗೆ ಎಬ್ಬಿಸುವುದರಿಂದ ಅದನ್ನು ನಿಂದಿಸಬಾರದೆಂದು ಪ್ರವಾದಿ ಮುಹಮ್ಮದ್(ಸ)ರು ಬೋಧಿಸಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ನಿಮ್ಮನ್ನು ಎಬ್ಬಿಸಿದ ಆ ಜೀವವು ರಾತ್ರಿಯನ್ನು ಹೇಗೆ ಕಳೆಯಿತೆಂದು ಎಂದಾದರೂ ಬಾಗಿ ನೋಡಿದ್ದೀರಾ?

ಹಿಮ ಬೀಳುವ ದೇಶಗಳಲ್ಲಿ ಕೋಳಿಯ ಜುಟ್ಟು ಮತ್ತು ಕಾಲ್ಬೆರಳುಗಳು ಹೆಪ್ಪುಗಟ್ಟಿ ಕಪ್ಪಾಗುವುದುಂಟು. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಅಂತಹ ಚಳಿಯಿಲ್ಲ. ಆದರೆ ಘಟಪ್ರಭೆಯ ಕಾಲುವೆ ನೀರುಣ್ಣುವ ಕಬ್ಬಿನ ಗದ್ದೆಗಳ ನಡುವಿನ ಮನೆಗಳಲ್ಲಿ ತೇವಕ್ಕೆ ಕೊರತೆಯಿಲ್ಲ. ಕೋಳಿಯ ಮೈ ಸುಮಾರು 41 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ಗರಿಗಳ ನಡುವೆ ಸಿಕ್ಕಿದ ಒಣ ಗಾಳಿಯೇ ಅದರ ಹೊದಿಕೆ. ಗರಿ ಒದ್ದೆಯಾದರೆ ಆ ಹೊದಿಕೆ ಹೋಯಿತು. ನಾವಾದರೋ ಚಳಿಯೆಂದು ಗೂಡಿನ ಸುತ್ತ ತಾಡಪತ್ರಿ ಬಿಗಿದು, ದಯೆ ತೋರಿದೆವೆಂದು ಸಮಾಧಾನಪಡುತ್ತೇವೆ. ಉಸಿರು ಮತ್ತು ಹಿಕ್ಕೆಯ ತೇವವು ಒಳಗೇ ಉಳಿಯುತ್ತದೆ. ಅಮೋನಿಯದ ಘಾಟು ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ. ಒದ್ದೆ ಹಾಸಿನಲ್ಲಿ ರಕ್ತಭೇದಿಯ ರೋಗಾಣುಗಳು ಬಲಿಯುತ್ತವೆ. ತಿಳುವಳಿಕೆಯಿಲ್ಲದ ದಯೆಯೂ ಹಿಂಸೆಯಾಗಬಹುದೆಂಬುದಕ್ಕೆ ಬೇರೆ ಉದಾಹರಣೆ ಬೇಕೇ?

"ಹೇಗೂ ನಾಳೆ ಕೊಯ್ಯುವ ಕೋಳಿ, ಅದಕ್ಕೇಕೆ ಇಷ್ಟು ಉಪಚಾರ?" ಎಂದು ಕೆಲವರು ಕೇಳಬಹುದು. ಪ್ರವಾದಿವರ್ಯರು(ಸ) ಕೋಳಿ ಮಾಂಸ ಸೇವಿಸಿದ್ದನ್ನು ಅಬೂಮೂಸಾ ಅಲ್ ಅಶ್‌ಅರಿ(ರ) ಕಂಡಿದ್ದಾರೆ. ಅದು ನಮಗೆ ಹಲಾಲ್ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಯ್ಯುವ ಕ್ಷಣದಲ್ಲೂ ಕತ್ತಿಯನ್ನು ಹರಿತಗೊಳಿಸಿ ಪ್ರಾಣಿಯ ನೋವನ್ನು ತಗ್ಗಿಸಬೇಕೆಂಬ ಆಜ್ಞೆ ಮುಸ್ಲಿಮ್ ಗ್ರಂಥದಲ್ಲಿದೆ. ಕೊನೆಯ ಒಂದು ನಿಮಿಷಕ್ಕೆ ಇಷ್ಟು ಎಚ್ಚರಿಕೆ ಬೇಕಾದರೆ, ಅದಕ್ಕೂ ಹಿಂದಿನ ನೂರಾರು ರಾತ್ರಿಗಳಿಗೆ ಬೇಡವೇ? ತಿನ್ನುವ ಅನುಮತಿ ಬೇರೆ, ಪೀಡಿಸುವ ಅನುಮತಿ ಬೇರೆ. ಮೊದಲನೆಯದು ನಮಗೆ ಸಿಕ್ಕಿದೆ, ಎರಡನೆಯದು ಯಾರಿಗೂ ಸಿಕ್ಕಿಲ್ಲ.

ಬೆಕ್ಕನ್ನು ಕೂಡಿಹಾಕಿ ನರಕಕ್ಕೆ ಗುರಿಯಾದ ಸ್ತ್ರೀಯ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಅವಳ ಅಪರಾಧವೇನೆಂದು ಗಮನಿಸಿರಿ. ಅವಳು ತಾನೂ ಉಣಿಸಲಿಲ್ಲ, ಅದು ತನ್ನ ಪಾಡಿಗೆ ಹುಡುಕಿ ತಿನ್ನಲೂ ಬಿಡಲಿಲ್ಲ. ಕೋಳಿಯನ್ನು ಬಿಟ್ಟರೆ ಅದು ಒಣಗಿದ ಎತ್ತರದ ಕೊಂಬೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಬೆಕ್ಕು, ಮುಂಗುಸಿಗಳಿಂದ ಕಾಪಾಡಲೆಂದೇ ಆದರೂ, ಸಂಜೆ ಗೂಡಿನ ಬಾಗಿಲು ಮುಚ್ಚಿದಾಗ ನಾವು ಅದರ ಆಯ್ಕೆಯನ್ನು ಕಸಿದುಕೊಳ್ಳುತ್ತೇವೆ. ಆ ಕ್ಷಣದಿಂದ ಅದರ ಅಗತ್ಯವು ನಮ್ಮ ಹೊಣೆಯಾಗುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಏರುವಾಗ ಕಟ್ಟಿದ ಜೀವಕ್ಕೆ ಓಡುವ ದಾರಿಯಿಲ್ಲ. ಹಗ್ಗ ಬಿಚ್ಚಬೇಕಾದವನು ಕಟ್ಟಿದವನೇ.

"ಕಬ್ಬು ಕಡಿಯಲು ಬಂದವರ ಮಕ್ಕಳೇ ಗುಡಿಸಲಲ್ಲಿ ನಡುಗುತ್ತಿರುವಾಗ ಕೋಳಿಯ ಚಿಂತೆಯೇ?" ಎಂಬ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಇರುವುದು ಒಂದೇ ಕಂಬಳಿಯಾದರೆ ಅದು ನಿಸ್ಸಂದೇಹವಾಗಿ ಆ ಮಗುವಿನದು. ಆದರೆ ಕೋಳಿ ಕಂಬಳಿ ಕೇಳುವುದಿಲ್ಲ. ಅದಕ್ಕೆ ಬೇಕಾದುದು ನಮ್ಮ ಸ್ವಲ್ಪ ಗಮನ ಮಾತ್ರ. ದಯೆಯು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುವ ಹಣವಲ್ಲ. ಮೂಕ ಜೀವದ ನಡುಕವನ್ನು ಗುರುತಿಸಲು ಕಲಿತ ಕಣ್ಣಿಗೆ ಗುಡಿಸಲಿನ ಮಗುವೂ ಕಂಡೇ ಕಾಣುತ್ತದೆ.

ಇಂದು ಸಂಜೆಯೇ ಗೂಡಿನ ಹಾಸನ್ನು ಹಿಡಿಯಷ್ಟು ತೆಗೆದು ಹಿಸುಕಿ ನೋಡಿರಿ. ಉಂಡೆಯಾಗಿ ಉಳಿದರೆ ಅದು ಒದ್ದೆಯಾಗಿದೆ ಎಂದರ್ಥ. ಅದನ್ನು ತೆಗೆದು ಒಣ ಶೇಂಗಾ ಸಿಪ್ಪೆ ಅಥವಾ ಭತ್ತದ ಹೊಟ್ಟನ್ನು ಎರಡು ಮೂರು ಅಂಗುಲ ಹರಡಿ, ಆಗಾಗ ಕೆದಕುತ್ತಿರಿ. ನೆಲದಿಂದ ಎತ್ತರದಲ್ಲಿ ಕೂರಲು ಒಂದು ಕೋಲು ಕಟ್ಟಿರಿ. ಕೆಳಗೆ ಗಾಳಿ ನೇರವಾಗಿ ಬಡಿಯದಂತೆ ಮರೆ ಮಾಡಿ, ಮಾಡಿನ ಕೆಳಗೆ ತೇವ ಹೊರಹೋಗಲು ಕಿಂಡಿ ಬಿಡಿರಿ. ನೀರಿನ ಪಾತ್ರೆ ಹಾಸಿನ ಮೇಲೆ ಚೆಲ್ಲದಿರಲಿ. ಹಗಲು ಕಿರಿದಾಗುವ ಈ ದಿನಗಳಲ್ಲಿ ಕೋಳಿ ಮೊಟ್ಟೆ ಕಡಿಮೆ ಇಡಬಹುದು. ಅದಕ್ಕಾಗಿ ಆರೈಕೆಯನ್ನು ಕಡಿಮೆ ಮಾಡದಿರಿ. ಲಾಭವಿದ್ದಾಗ ಮಾತ್ರ ತೋರುವ ಕರುಣೆ ವ್ಯಾಪಾರವಷ್ಟೇ.

ಭೂಮಿಯ ಮೇಲಿನ ಜೀವಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ (6:38) ತಿಳಿಸುತ್ತದೆ. ಆ ಸಮುದಾಯದ ನಾಲ್ಕಾರು ಸದಸ್ಯರನ್ನು ಅಲ್ಲಾಹನು ನಿಮ್ಮ ಹಿತ್ತಿಲಿನಲ್ಲಿ ಅಮಾನತ್ತಾಗಿ ಇರಿಸಿದ್ದಾನೆ. ಗೂಡಿನೊಳಗಿನ ಕತ್ತಲೆಯನ್ನು ನೆರೆಯವರು ನೋಡುವುದಿಲ್ಲ. ನೋಡುವವನು ನೋಡುತ್ತಲೇ ಇದ್ದಾನೆ.