ನಡುಗಡಲ ನೆರೆಹೊರೆ

ಅಡುಗೆಮನೆಯಲ್ಲಿ ಒಲೆ ಹೊತ್ತಿಸುವಾಗ ಈ ಅನಿಲ ಎಲ್ಲಿಂದ ಬಂತೆಂದು ನಾವು ಯೋಚಿಸುತ್ತ ಕೂರುವುದಿಲ್ಲ. ಹಾಲು ಉಕ್ಕದಂತೆ ನೋಡಿಕೊಳ್ಳುವುದೇ ಆ ಹೊತ್ತಿನ ಚಿಂತೆ. ದೇಶದ ಎಷ್ಟೋ ಮನೆಗಳ ಅಡುಗೆ ಅನಿಲದ ಮೂಲ ಇರುವುದು ಮುಂಬೈಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ನಡುವೆ. 1974ರಲ್ಲಿ ಸಾಗರ್ ಸಾಮ್ರಾಟ್ ಎಂಬ ರಿಗ್ ಅಲ್ಲಿ ಕೊರೆದಾಗ ತೈಲ ಸಿಕ್ಕಿತು, 1976ರಲ್ಲಿ ಉತ್ಪಾದನೆ ಶುರುವಾಯಿತು. ಮುಂಬೈ ಹೈ ಎಂದು ಹೆಸರಾದ ಈ ಕ್ಷೇತ್ರದ ಕಚ್ಚಾತೈಲ ನಮ್ಮ ಮಂಗಳೂರಿನ ಸಂಸ್ಕರಣಾಗಾರಕ್ಕೂ ಬರುತ್ತದೆ.

ಕಡಲ ನಡುವಿನ ತೈಲಬಾವಿ ಎಂದೊಡನೆ ಬೆಂಕಿ ಉಗುಳುವ ಒಂದೇ ದೈತ್ಯ ಕಟ್ಟಡ ಕಣ್ಣಮುಂದೆ ಬರುತ್ತದೆ. ನಿಜವಾಗಿ ಅಲ್ಲಿ ದೊಡ್ಡ ಸಂಸ್ಕರಣಾ ವೇದಿಕೆಗಳು ಕೆಲವೇ. ಅವುಗಳ ಸುತ್ತ ಹರಡಿಕೊಂಡ ಚಿಕ್ಕ ಬಾವಿ ವೇದಿಕೆಗಳೇ ಹೆಚ್ಚು. ಅವುಗಳಲ್ಲಿ ಬಹುಪಾಲಿಗೆ ಕಾವಲಿಗೂ ಒಬ್ಬ ಮನುಷ್ಯನಿಲ್ಲ. ಬಾವಿಯಿಂದ ಬರುವುದು ತೈಲ, ಅನಿಲ, ಉಪ್ಪುನೀರು ಬೆರೆತ ರಾಡಿ. ಅದು ಸಮುದ್ರತಳದ ಕೊಳವೆಯಲ್ಲಿ ದೊಡ್ಡ ವೇದಿಕೆಗೆ ಹೋಗಿ, ಅಲ್ಲಿ ಬೇರ್ಪಟ್ಟು ಉರಣ್ ತೀರದತ್ತ ಸಾಗುತ್ತದೆ. ಇನ್ನೂ ದೂರದಲ್ಲಿ ಸ್ಯಾಟಲೈಟ್ ಫೀಲ್ಡ್ ಎನ್ನುವ ಪುಟ್ಟ ಕ್ಷೇತ್ರಗಳಿವೆ. ಒಂದೊಂದಕ್ಕೂ ಪ್ರತ್ಯೇಕ ಸ್ಥಾವರ ಕಟ್ಟಹೋದರೆ ಸಿಗುವ ತೈಲಕ್ಕಿಂತ ಖರ್ಚೇ ಹೆಚ್ಚು. ಅರ್ಧ ಎಕರೆ ಕಬ್ಬು ಬೆಳೆದವನು ಸ್ವಂತ ಆಲೆಮನೆ ಹೂಡುವುದಿಲ್ಲ, ಪಕ್ಕದವರ ಗಾಣಕ್ಕೆ ಗಾಡಿ ಹೊಡೆಯುತ್ತಾನಲ್ಲ, ಹಾಗೆಯೇ ಈ ಕ್ಷೇತ್ರಗಳೂ ತಮ್ಮದನ್ನು ದೊಡ್ಡ ವೇದಿಕೆಗೆ ಕಳಿಸುತ್ತವೆ. ಆದರೆ ಕಡಲಿನಲ್ಲಿ ಕೊಡುಕೊಳ್ಳುವಿಕೆ ಅಲ್ಲಿಗೇ ಮುಗಿಯುವುದಿಲ್ಲ. ಹಲವು ವರ್ಷ ದುಡಿದ ಬಾವಿಯಲ್ಲಿ ಒತ್ತಡ ಕುಗ್ಗಿ, ತೈಲ ತನ್ನ ಭಾರಕ್ಕೆ ತಾನೇ ಸೋತು ಮೇಲೇರದೆ ನಿಲ್ಲುತ್ತದೆ. ಆಗ ದೊಡ್ಡ ವೇದಿಕೆಯ ಕಂಪ್ರೆಸರುಗಳು ಅನಿಲವನ್ನು ಅದುಮಿ, ಇನ್ನೊಂದು ಕೊಳವೆಯಲ್ಲಿ ಆ ಬಾವಿಗೆ ಹಿಂದಕ್ಕೆ ಕಳಿಸುತ್ತವೆ. ಆಳದಲ್ಲಿ ಅದು ಗುಳ್ಳೆಗುಳ್ಳೆಯಾಗಿ ತೈಲದೊಳಗೆ ಸೇರಿ ಅದನ್ನು ಹಗುರ ಮಾಡುತ್ತದೆ. ಬಾವಿ ಮತ್ತೆ ಹರಿಯತೊಡಗುತ್ತದೆ. ಗ್ಯಾಸ್ ಲಿಫ್ಟ್ ಎನ್ನುತ್ತಾರೆ ಇದಕ್ಕೆ. ತೆಗೆದುಕೊಂಡದ್ದರಲ್ಲಿ ಒಂದು ಪಾಲನ್ನು ಕೊಟ್ಟವರ ಜೀವ ಉಳಿಸಲು ಹಿಂದಿರುಗಿಸುವ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿದೆ.

2005ರ ಜುಲೈ 27ರಂದು ಈ ನಂಟು ಕಠಿಣ ಪರೀಕ್ಷೆಗೆ ಒಳಗಾಯಿತು. ಹಿಂದಿನ ದಿನದ ಮಳೆಗೆ ಮುಂಬೈ ಮುಳುಗಿತ್ತು, ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಸಮುದ್ರ ಸುರಕ್ಷಾ ಎಂಬ ಹಡಗಿನಲ್ಲಿ ಅಡುಗೆಯವರೊಬ್ಬರ ಬೆರಳು ಕತ್ತರಿಸಿತ್ತು. ಚಿಕಿತ್ಸೆಗೆಂದು ಅವರನ್ನು ಮುಂಬೈ ಹೈ ನಾರ್ತ್ ವೇದಿಕೆಗೆ ದಾಟಿಸಲು ಹೋದಾಗ ಹಡಗು ಅಲೆಯ ಹೊಡೆತಕ್ಕೆ ಸಿಕ್ಕಿ ಅನಿಲದ ಕೊಳವೆಗೆ ಬಡಿಯಿತು. ಸೋರಿದ ಅನಿಲಕ್ಕೆ ಬೆಂಕಿ ಹೊತ್ತಿಕೊಂಡು ಎರಡು ಗಂಟೆಯೊಳಗೆ ವೇದಿಕೆಯೇ ಇಲ್ಲವಾಯಿತು. 22 ಜನ ಜೀವ ಕಳೆದುಕೊಂಡರು. ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಆ ಬಿರುಗಾಳಿಯಲ್ಲೇ ಕಾಪಾಡಿದರು. ಗಾಯಾಳುವಿಗೆ ನೆರವಾಗಲು ಹೊರಟವರ ಮೇಲೆ ಬಂದ ಈ ವಿಪತ್ತನ್ನು ನೆನೆದರೆ ಇಂದಿಗೂ ಕರುಳು ಚುರ್ ಎನ್ನುತ್ತದೆ. ಆ ವೇದಿಕೆಯನ್ನೇ ನೆಚ್ಚಿದ್ದ ಬಾವಿಗಳು ಒಮ್ಮೆಗೇ ದಿಕ್ಕಿಲ್ಲದಂತಾದವು. ಎಂಜಿನಿಯರುಗಳು ಮುಂದಿನ ವಾರಗಳಲ್ಲಿ ಅವುಗಳಲ್ಲಿ ಹಲವನ್ನು ಅಕ್ಕಪಕ್ಕದ ವೇದಿಕೆಗಳಿಗೆ ತಿರುಗಿಸಿದರು. ತಮ್ಮ ಪಾಲಿನ ಕೆಲಸದ ಮೇಲೆ ಇನ್ನೊಂದಿಷ್ಟು ಹೊರಲು ಅವಕ್ಕೆ ತ್ರಾಣ ಉಳಿದಿತ್ತು.

ಮನೆ ನಡೆಸುವ ನಾವು ಮಾತ್ರ ನಮ್ಮ ಅಗತ್ಯಕ್ಕೆ ಸರಿಯಾಗಿ ಅಳೆದು ಕಟ್ಟಿಕೊಳ್ಳುತ್ತೇವೆ: ನೀರಿನ ತೊಟ್ಟಿ, ಇನ್ವರ್ಟರ್, ಭಾನುವಾರದ ಬಿಡುವು ಕೂಡ. ತುಸು ಮಿಗುವಂತೆ ಇಟ್ಟುಕೊಂಡರೆ ಅದು ದುಂದು ಅನಿಸಬಹುದು, ಆದರೆ ಪಕ್ಕದ ಮನೆಯ ಮೋಟರ್ ಸುಟ್ಟ ದಿನ ಒದಗಿಬರುವುದು ಆ ಮಿಗತೆಯೇ. ಪರೋಪಕಾರಕ್ಕೆ ಮನಸ್ಸಿನಷ್ಟೇ ಪೈಪೂ ಬೇಕು. ಬೋರ್‌ವೆಲ್ ಇನ್ನೂ ಕೈಕೊಡದವರು ಈ ಬೇಸಿಗೆಗೆ ಮುಂಚೆಯೇ ನೆರೆಯವರ ಸಂಪಿನವರೆಗೆ ಎಷ್ಟು ಅಡಿ ಪೈಪು ಹಿಡಿಯುತ್ತದೆಂದು ಅಳೆದು, ತಂದಿಟ್ಟುಕೊಳ್ಳಬಹುದು.